ನಿಕುಂಜಬಾಬು ಬೀಗರಿಗೆ ದಾರಿ ಹೇಳಿದ್ದು

ದಾರಿ ಹೇಳುವುದು ಕೆಲವರಿಗೆ ಉಪಕಾರ, ಕೆಲವರಿಗೆ ಹವ್ಯಾಸ. ನಿಕುಂಜ ಸಮಾದ್ದಾರರಿಗೆ ಅದು ಕಾಯಿಲೆ. ಈ ಕಾಯಿಲೆಗೆ ಔಷಧಿಯಿಲ್ಲವೆಂದು ಅವರ ಹೆಂಡತಿ ಮಣಿಮಾಲಾ ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದರು.

ಕಾಯಿಲೆ ಬೆಳೆಯುವುದಕ್ಕೆ ಜಾಗವೂ ಹಾಗೇ ಒದಗಿಬಂದಿತ್ತು. ಕೋಲ್ಕತಾದ ನಟ್ಟನಡುವಿನ ಬಕುಲ್‌ತಲಾ ನಾಲ್ಕುರಸ್ತೆ ಎಂದರೆ ಎರಡು ಟ್ರಾಮ್ ಹಳಿಗಳು ಒಂದನ್ನೊಂದು ಕತ್ತರಿಸುವ ಜಾಗ. ಅಲ್ಲಿ ಟ್ರಾಮ್ ಇಳಿದವನು ಮೆಟ್ರೋದ ಮೆಟ್ಟಿಲಿಳಿಯಬೇಕು, ಇಲ್ಲವೇ ಮಿನಿಬಸ್ಸಿಗೆ ನೇತುಬೀಳಬೇಕು, ಅದೂ ಆಗದಿದ್ದರೆ ಶೇರ್ ಆಟೋದ ಸಾಲಿನಲ್ಲಿ ನಿಂತು ಮುಂದೆ ನುಗ್ಗಿದವನಿಗೆ ಬೈಯಬೇಕು. ಇಂಥ ಕಡೆ ದಾರಿ ತಪ್ಪಿದವರಿಗೆ ಬರವೇ? ವಿಮಾ ಕಚೇರಿಗೆ ಹೋಗುವಾಗ ಬರುವಾಗ ನಿಕುಂಜಬಾಬು ಟ್ರಾಮ್ ನಿಲ್ದಾಣದ ಹಸಿರು ಕಂಬಕ್ಕೆ ಒರಗಿ ನಿಂತು, ಕೇಳಿದವರಿಗೂ ಕೇಳದವರಿಗೂ ದಾರಿ ಹೇಳುತ್ತಿದ್ದರು. "ಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಒಂದು ಸಲ ಮದುವೆಯ ದಿಬ್ಬಣವೊಂದಕ್ಕೆ ಎಂಥ ಆತ್ಮವಿಶ್ವಾಸದಿಂದ ದಾರಿ ತೋರಿಸಿದರೆಂದರೆ, ಮದುಮಗ ಬಾಸಿಂಗ ಕಟ್ಟಿಕೊಂಡೇ ಸ್ಮಶಾನದ ಘಾಟಿನಲ್ಲಿ ಇಳಿದ. "ದಾರಿ ಸರಿಯಾಗೇ ಇತ್ತು, ಅವರೇ ತಪ್ಪು ಕಡೆ ತಿರುಗಿದರು," ಎಂದು ನಿಕುಂಜಬಾಬು ಇವತ್ತಿಗೂ ವಾದಿಸುತ್ತಾರೆ.

ಹೀಗಿರಲು ಅವರ ಒಬ್ಬಳೇ ಮಗಳು ತುಲಿ ತನ್ನ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಶುಭೋನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗ ಬಂಗಾರ. ತೊಡಕೆಂದರೆ ಹುಡುಗನ ತಾಯಿ ನೀಹಾರಕಣಾ ದೇವಿ. ಅವರದು ಚಂದನನಗರ. ದೀಪಾಲಂಕಾರಕ್ಕೂ ಜಗದ್ಧಾತ್ರಿ ಪೂಜೆಗೂ ಹೆಸರಾದ ಊರು. ಅಲ್ಲಿಯವರಿಗೆ ಕೋಲ್ಕತಾದ ದುರ್ಗಾಪೂಜೆ ಎಂದರೆ ತಮ್ಮ ಪೂಜೆಗೆ ಮುಂಚಿನ ರಿಹರ್ಸಲ್, ಅಷ್ಟೇ.

"ಬಾಬಾ, ಅವರಮ್ಮ ಅರ್ಧ ಮನಸ್ಸಲ್ಲಿದ್ದಾರೆ," ಎಂದಳು ತುಲಿ. "ಪೂಜೆ ಪಂಚಮಿ ದಿನ ನಮ್ಮನೆಗೆ ಬಂದು ನೋಡಿ ಆಮೇಲೆ ಹೂಂ ಅಥವಾ ಊಹೂಂ ಅಂತಾರಂತೆ. ಊಹೂಂ ಅಂದ್ರೆ ಶುಭೋ ಅಮ್ಮನ ಮಾತು ಮೀರೋನಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ನೀನು ಅವತ್ತು ಮಾತಾಡಬೇಡ."

"ನಾನೇನು ಮಾತಾಡ್ತೀನೇ?" ಎಂದು ನಿಕುಂಜಬಾಬು ನೊಂದುಕೊಂಡರು. "ನನ್ನಂಥ ಮಿತಭಾಷಿ ಈ ಬೀದೀಲಿ ಯಾರಿದ್ದಾರೆ?"

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದು ಕೇಳಿಸಿತು.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದಲ್ಲ, ಚತುರ್ಥಿಯ ದಿನ ಬೀಗರ ಮನೆಯಿಂದ ಫೋನ್ ಬಂದಾಗ ಮಣಿಮಾಲಾ ಸ್ನಾನಕ್ಕೆ ಹೋಗಿದ್ದರು. ತುಲಿ ಬ್ಯಾಂಕಿನಲ್ಲಿದ್ದಳು. ಫೋನಿನ ಪಕ್ಕದಲ್ಲಿ ಇದ್ದವರು ಒಬ್ಬರೇ.

"ನಾಳೆ ಮಧ್ಯಾಹ್ನ ಬರ್ತಾ ಇದ್ದೀವಿ," ಎಂದಿತು ಗಡಸು ಹೆಂಗಸಿನ ದನಿ. "ಹೌರಾದಲ್ಲಿ ಇಳಿದು ಟ್ಯಾಕ್ಸಿ ಮಾಡ್ಕೊಂಡು ಬಂದ್ಬಿಡ್ತೀವಿ."

"ಟ್ಯಾಕ್ಸಿನಾ? ಛೆ ಛೆ ಛೆ, ದೀದಿ!" ನಿಕುಂಜಬಾಬು ಎದ್ದು ನಿಂತರು. "ಪೂಜೆ ದಿನ ಟ್ಯಾಕ್ಸಿ ಹತ್ತಿದೋರು ದಶಮಿಗೆ ಇಳೀತಾರೆ. ನಾನು ಹೇಳ್ತೀನಿ ಕೇಳಿ. ಹೌರಾದಲ್ಲಿ ಇಳಿದು ಸೇತುವೆ ಕಡೆ ತಲೆ ಕೂಡ ಹಾಕಬೇಡಿ. ಸೀದಾ ಹೊಳೆ ದಾಟೋ ಲಾಂಚ್ ಹತ್ತಿ. ಗಂಗೆ ಗಾಳಿ ಬಿಟ್ಟಿ! ಆಚೆ ಘಾಟಿನಲ್ಲಿ ಟ್ರಾಮ್ ಹಿಡೀರಿ. ಮುಂದಿನ ಬೋಗಿ, ಬಲಗಡೆ ಕಿಟಕಿ. ಬಕುಲ್‌ತಲಾದಲ್ಲಿ ಇಳಿದ್ರೆ ಹಸಿರು ಕಂಬದ ನಿಲ್ದಾಣ. ಮೇಲೆ ದುಂಡು ಗಡಿಯಾರ, ಕೆಳಗೆ ಮರದ ಬೆಂಚು. ಆ ಬೆಂಚಿನ ಮೇಲೆ ನಾನು ಕೂತಿರ್ತೀನಿ. ಭೂಮಿ ಬಾಯ್ಬಿಟ್ರೂ ಬೆಂಚು ಬಿಟ್ಟು ಕದಲಲ್ಲ!"

ಸ್ನಾನ ಮುಗಿಸಿ ಬಂದ ಮಣಿಮಾಲಾ ವಿಷಯ ಕೇಳಿ ತಲೆ ಒರೆಸುವುದನ್ನೇ ಮರೆತು ಕುರ್ಚಿಯಲ್ಲಿ ಕುಸಿದರು. "ರೀ, ರೈಲು, ಲಾಂಚು, ಟ್ರಾಮು! ಮಂಡಿನೋವಿನ ಹೆಂಗಸು ಕಣ್ರೀ ಆಕೆ!"

ನಿಕುಂಜಬಾಬುಗೆ ಇದು ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವವರೂ ಅವರಲ್ಲ. "ಮಂಡಿಗೆ ಗಂಗೆ ಗಾಳಿ ಒಳ್ಳೇದು," ಎಂದರು.

ಈಗ ಬಕುಲ್‌ತಲಾ ಯುವಕ ಸಂಘದ ವಿಷಯ ಹೇಳಬೇಕು. ಈ ಸಂಘದ ಯುವಕರಲ್ಲಿ ಅತಿ ಕಿರಿಯನಿಗೆ ಐವತ್ತು ದಾಟಿತ್ತು. ಕಾರ್ಯದರ್ಶಿ ಭೊಂಬಲ್. ಪೂಜೆಯ ಪೆಂಡಾಲಿಗೆ ಪ್ರತಿವರ್ಷ ಒಂದು ಹೊಸ ಕಲ್ಪನೆ ಹುಡುಕಿ, ಪ್ರತಿವರ್ಷ ಎರಡನೇ ಬಹುಮಾನವೂ ಎಟುಕದೆ ಅಷ್ಟಮಿಯ ದಿನ ಅಳುವುದು ಅವರ ಪದ್ಧತಿ. ದೇವಿ ಆ ವರ್ಷ ಆನೆಯ ಮೇಲೆ ಬರುತ್ತಾಳೋ, ದೋಣಿಯಲ್ಲಿ ಬರುತ್ತಾಳೋ, ಕುದುರೆಯ ಮೇಲೋ ಎಂದು ಪಂಚಾಂಗದಲ್ಲಿ ಬರೆದಿರುತ್ತದಷ್ಟೆ. ಈ ಸಲ ಭೊಂಬಲ್ ಪಂಚಾಂಗವನ್ನು ಮೂಲೆಗೆ ಸರಿಸಿ ಘೋಷಿಸಿಬಿಟ್ಟಿದ್ದರು: "ತಾಯಿ ಟ್ರಾಮಿನಲ್ಲಿ ಬರ್ತಾಳೆ!"

ಅದರಂತೆ ಬಿದಿರು, ಪ್ಲೈವುಡ್, ಬಣ್ಣದ ಬಟ್ಟೆಗಳಿಂದ ಒಂದು ಟ್ರಾಮು. ಅದರಿಂದ ಇಳಿಯುತ್ತಿರುವ ದುರ್ಗೆ, ಹಿಂದೆ ಟಿಕೆಟ್ಟಿಗಾಗಿ ಕೈ ಚಾಚಿದ ಗಣೇಶ. ಎದುರಿಗೆ ನಾಲ್ಕುರಸ್ತೆಯ ಟ್ರಾಮ್ ನಿಲ್ದಾಣದ್ದೇ ಪಡಿಯಚ್ಚು: ಅದೇ ಹಸಿರು ಕಂಬ, ಅದೇ ನಿಂತುಹೋದ ದುಂಡು ಗಡಿಯಾರ, ಅದೇ ಬೆಂಚು. ಬೆಂಚಿನ ಮೇಲೆ ತಾಯಿಗಾಗಿ ಕಾಯುತ್ತಿರುವ ಮಣ್ಣಿನ ಪ್ರಯಾಣಿಕರು. ಮೀನಿನವಳು, ಮೇಷ್ಟ್ರು, ಗುಮಾಸ್ತ. ಇದು ಅಸಲಿ ನಿಲ್ದಾಣಕ್ಕೆ ಕೂಗಳತೆಯಲ್ಲೇ ಇತ್ತು.

ಪಂಚಮಿಯ ಮಧ್ಯಾಹ್ನ ನಿಕುಂಜಬಾಬು ಗರಿಗರಿ ಧೋತಿ, ರೇಷ್ಮೆ ಜುಬ್ಬಾ ತೊಟ್ಟು, ಕನ್ನಡಿಯ ಮುಂದೆ ನಿಂತು, ಕೊನೆಗೆ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದಿದ್ದರೆ ತಾವು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೇವೆಂದು ಅವರ ನಂಬಿಕೆ. ಎದುರಿಗಿದ್ದವರು ಎಷ್ಟು ವರ್ಷದವರಾಗಿ ಕಾಣುತ್ತಾರೆಂಬುದು ಬೇರೆ ಮಾತು. ಬೀದಿಗಿಳಿದರೆ ಜನಜಂಗುಳಿಗೆಂದು ಪೊಲೀಸರು ಬಿದಿರಿನ ಬೇಲಿ ಕಟ್ಟಿ, ಅತ್ತ ಹೋಗುವವರನ್ನು ಇತ್ತ ಕಳಿಸುತ್ತಿದ್ದರು. ನಿಕುಂಜಬಾಬು ಬೇಲಿ ಒಯ್ದಲ್ಲಿಗೆ ಹೋದರು. ಮಸುಕು ಮಸುಕಾಗಿ ಹಸಿರು ಕಂಬ ಕಂಡಿತು, ಗಡಿಯಾರ ಕಂಡಿತು. ಬೆಂಚಿನ ಮೇಲೆ ಒಂದು ಜಾಗವೂ ಖಾಲಿಯಿತ್ತು. ಎಂಥ ಅದೃಷ್ಟವೆಂದು ಕುಳಿತುಬಿಟ್ಟರು.

"ಸ್ವಲ್ಪ ಸರೀರಿ ಮೇಷ್ಟ್ರೇ," ಎಂದರು ಪಕ್ಕದವರಿಗೆ.

ಪಕ್ಕದವರು ಸರಿಯಲಿಲ್ಲ.

"ಎಲ್ಲಿಗೆ ಹೊರಟ್ರಿ? ಶ್ಯಾಮಬಜಾರಾ? ಹಾಗಾದ್ರೆ ಈ ಟ್ರಾಮ್ ನಂಬಬೇಡಿ. ಮೆಟ್ರೋ ಇಳೀರಿ. ಅಲ್ಲಾ, ಸಿಯಾಲ್ದಾಗಾದ್ರೆ ಮಿನಿಬಸ್ಸು. ಅಲ್ಲ, ಘಾಟಿಗಾದ್ರೆ ಆಟೋ, ಆದರೆ ಎರಡನೇ ಸಾಲು, ಮೊದಲನೇದಲ್ಲ."

ಮೇಷ್ಟ್ರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ನಿಕುಂಜಬಾಬುಗೆ ಮನಸ್ಸು ತುಂಬಿ ಬಂತು. ತಮ್ಮ ಮಾತನ್ನು ಇಷ್ಟು ಶ್ರದ್ಧೆಯಿಂದ, ನಡುವೆ ಬಾಯಿ ಹಾಕದೆ ಕೇಳಿದ ಮೊದಲ ಮನುಷ್ಯ! ಎಂಥ ಸಂಸ್ಕಾರವಂತರು ಎಂದುಕೊಂಡು ಮೆಚ್ಚುಗೆಯಿಂದ ಅವರ ಭುಜ ತಟ್ಟಿದರು. ಭುಜದ ಬಣ್ಣ ಕೈಗಂಟಿತು.

ಅವರು ಗಾಬರಿಯಿಂದ ಏಳುವುದಕ್ಕೂ ಭೊಂಬಲ್ ಕಂಬದ ಹಿಂದಿನಿಂದ ಹಾರಿ ಬರುವುದಕ್ಕೂ ಸರಿಹೋಯಿತು. "ನಿಕುಂಜದಾ! ಕೂತ್ಕೊಳ್ಳಿ! ದೇವರೇ ಕಳಿಸಿದ್ದಾನೆ ನಿಮ್ಮನ್ನ!"

"ಏ ಭೊಂಬಲ್, ನನ್ನ ಬೀಗರು..."

"ಬೀಗರು ಹಾಗಿರಲಿ. ನಮ್ಮ ಗುಮಾಸ್ತನ್ನ ಗಾಡೀಲಿ ತರೋವಾಗ ಟ್ರಾಮ್ ಹಳಿ ಮೇಲೆ ಚಕ್ರ ಎಗರಿ ತಲೆ ಹಾರಿಹೋಯ್ತು, ದಾದಾ! ಜಡ್ಜ್‌ಗಳು ಗೇಟಲ್ಲೇ ಇದ್ದಾರೆ. ಅದೇ ಧೋತಿ, ಅದೇ ಜುಬ್ಬಾ, ಅದೇ..." ಭೊಂಬಲ್ ಅವರ ಮುಖವನ್ನು ನೋಡಿದರು, "ಅದೇ ಅಸಹಾಯಕತೆ. ಒಂದೈದು ನಿಮಿಷ ಉಸಿರು ಬಿಗಿಹಿಡಿದು ಕೂತುಬಿಡಿ. ನಿಮ್ಮ ಬೀಗರನ್ನ ನಾನೇ ಕರ್ಕೊಂಡು ಬಂದು ಚಹಾ ಕೊಡಿಸ್ತೀನಿ. ತಾಯಾಣೆ!"

ನಿಕುಂಜಬಾಬು ಒಲ್ಲೆನೆನ್ನುವವರೇ. ಅಷ್ಟರಲ್ಲಿ ಗಡ್ಡ ಬಿಟ್ಟ, ಜೋಳಿಗೆ ಹಾಕಿಕೊಂಡ ಕಲಾ ಅಧ್ಯಾಪಕ ಪ್ರಮಥೇಶ ಬಾಗ್ಚಿ ಇನ್ನಿಬ್ಬರು ತೀರ್ಪುಗಾರರೊಂದಿಗೆ ಎದುರಿಗೇ ಬಂದು ನಿಂತರು. ಮೀನಿನವಳನ್ನು ನೋಡಿ ಮೂಗು ಮುರಿದರು. ಮೇಷ್ಟ್ರನ್ನು ನೋಡಿ ಆಕಳಿಸಿದರು. ನಿಕುಂಜಬಾಬುವನ್ನು ನೋಡಿ ಅಲ್ಲೇ ಕಂಬವಾದರು.

"ಆಹಾ," ಎಂದರು ಬಾಗ್ಚಿ. "ನೋಡಿ ಈ ಮುಖ. ಇಡೀ ಜೀವಮಾನ ಬರದ ಟ್ರಾಮಿಗೆ ಕಾದ ಮಧ್ಯಮವರ್ಗದ ಮುಖ. ಬುದ್ಧಿಯಿಲ್ಲ, ಆದರೆ ಭರವಸೆಯಿದೆ."

ಬುದ್ಧಿಯಿಲ್ಲ ಎಂದದ್ದು ನಿಕುಂಜಬಾಬುಗೆ ಚುಚ್ಚಿತು. ಆದರೆ ಜೀವನದಲ್ಲಿ ಮೊದಲ ಬಾರಿಗೆ ಯಾರೋ ಅವರನ್ನು ಇಷ್ಟು ಹೊತ್ತು ಮೆಚ್ಚಿ ನೋಡುತ್ತಿದ್ದರು. ಏಳಲು ಮನಸ್ಸಾಗಲಿಲ್ಲ. ಅದೇ ಗಳಿಗೆಯಲ್ಲಿ ಜುಬ್ಬಾದ ಜೇಬಿನ ಮೊಬೈಲು ಶಂಖದಂತೆ ಕೂಗಿಕೊಂಡಿತು. ಬೀಗಿತ್ತಿಯದೇ ಇರಬೇಕು. ಕೂಗಿ ಕೂಗಿ ಸುಮ್ಮನಾಯಿತು, ಮತ್ತೆ ಕೂಗಿತು.

"ಶಬ್ದದ ಏರ್ಪಾಡೂ ಇದೆಯೋ!" ಎಂದು ಬಾಗ್ಚಿ ಬೆರಗಾದರು.

"ಇದೆ ಸಾರ್, ಎಲ್ಲಾ ಇದೆ," ಎಂದು ಭೊಂಬಲ್ ಬೆವರು ಒರೆಸಿಕೊಂಡು ತೀರ್ಪುಗಾರರನ್ನು ದೇವಿಯ ಕಡೆಗೆ ಕರೆದೊಯ್ದರು. ಹೋಗುತ್ತ ಹಿಂದಿರುಗಿ ಸನ್ನೆ ಮಾಡಿದರು: ಕದಲಿದರೆ ನಿಮ್ಮ ಕತೆ ಮುಗಿಯಿತು.

ಐದು ನಿಮಿಷ ಹೋಯಿತು, ಇನ್ನಷ್ಟು ಹೋಯಿತು. ಜನ ಬಂದರು, ಮಕ್ಕಳನ್ನು ಅವರ ತೊಡೆಯ ಮೇಲೆ ಕೂರಿಸಿ ಫೋಟೋ ತೆಗೆದರು. ಒಬ್ಬಾಕೆ ಅವರ ಮೂಗು ಹಿಂಡಿ, "ಮಣ್ಣು ಇನ್ನೂ ಹಸಿಯಾಗೇ ಇದೆ," ಎಂದಳು. ನಿಕುಂಜಬಾಬು ಮನಸ್ಸಿನಲ್ಲೇ ಕುಲದೇವತೆಯನ್ನು ನೆನೆದರು.

ಆಗ ಕೇಳಿಸಿತು ಆ ಗಡಸು ದನಿ.

"ಇದೂ ಹಸಿರು ಕಂಬ, ಅದೂ ಹಸಿರು ಕಂಬ! ಅಲ್ಲಿ ಆ ಬೆಂಚಿನ ಮೇಲೆ ಕೂತೂ ಕೂತೂ ನನ್ನ ಸೊಂಟ ಹೋಯ್ತು. ಈ ಊರಲ್ಲಿ ಒಬ್ಬ ಎಡಕ್ಕೆ ಅಂತಾನೆ, ಇನ್ನೊಬ್ಬ ಬಲಕ್ಕೆ ಅಂತಾನೆ. ಯಾವನಿಗೂ 'ಗೊತ್ತಿಲ್ಲ' ಅನ್ನೋಕೆ ಬರಲ್ಲ!"

ನೀಹಾರಕಣಾ ದೇವಿ ಗಜಗಮನದಲ್ಲಿ ಬಂದರು. ಕೈಯಲ್ಲಿ ಚಂದನನಗರದ ಜಲಭರಾ ಸಂದೇಶದ ಮಡಕೆ, ಒಳಗೆ ಗುಲಾಬಿನೀರು ತುಂಬಿದ ಸಿಹಿ. ಹಿಂದೆ ಪತಿ ಕಾಳೀಕಿಂಕರಬಾಬು, ಮೂವತ್ತು ವರ್ಷಗಳಿಂದ ಮಾತಾಡಲು ಸಂದು ಸಿಗದೆ ಮೌನವನ್ನೇ ಅಭ್ಯಾಸ ಮಾಡಿಕೊಂಡವರು. ಅವರು ಟ್ರಾಮಿನ ದುರ್ಗೆಯನ್ನು ನೋಡಲು ಮುಂದೆ ಹೋದರು. ನೀಹಾರಕಣಾ ದೇವಿ ಉಸ್ಸೆಂದು ಬೆಂಚಿನ ತುದಿಯಲ್ಲಿ, ನಿಕುಂಜಬಾಬುವಿನ ಪಕ್ಕದಲ್ಲಿ ಕುಳಿತರು. ಇಲ್ಲೇ ಎದ್ದು ಕೈಮುಗಿದುಬಿಡಲೇ ಎಂದು ನಿಕುಂಜಬಾಬು ಯೋಚಿಸಿದರು. ಅಷ್ಟರಲ್ಲಿ ಬಾಗ್ಚಿಯವರ ಗಡ್ಡ ಮತ್ತೆ ಇತ್ತ ತಿರುಗುತ್ತಿರುವುದು ಮಸುಕಾಗಿ ಕಂಡಿತು.

"ನೀನೇ ವಾಸಿ ಕಣಪ್ಪ," ಎಂದರು ನೀಹಾರಕಣಾ ದೇವಿ, ಅವರ ಕಡೆ ತಿರುಗಿ. "ಮಣ್ಣಿನ ಮನುಷ್ಯ. ಮಾತಿಲ್ಲ ಕತೆಯಿಲ್ಲ. ಆ ನಿಕುಂಜ ಸಮಾದ್ದಾರ ಅಂತ ಒಂದು ಕತ್ತೆ ಇದೆ, ಅದರ ಮಾತು ಕೇಳಿ ಮೂರು ಗಾಡಿ ಬದಲಾಯಿಸಿ ಬಂದೆ. ಫೋನೂ ಎತ್ತಲ್ಲ."

ಮಣ್ಣಿನ ಮನುಷ್ಯನ ಕಿವಿ ಕೆಂಪಾಯಿತು.

"ಮುಂದಿನ ರೈಲಿಗೇ ವಾಪಸ್ ಹೋಗ್ಬಿಡೋಣ ಅಂತಿದ್ದೀನಿ," ಎಂದು ಅವರು ಮಡಕೆಯನ್ನು ಮಡಿಲಿಗೆ ಎಳೆದುಕೊಂಡರು. ದನಿ ಸ್ವಲ್ಪ ಇಳಿಯಿತು. "ಹುಡುಗಿ ಮೇಲೆ ನನಗೇನೂ ಇಲ್ಲ. ಫೋಟೋದಲ್ಲಿ ನಕ್ಕಿದ್ದಾಳೆ, ನೋಡಿದ್ರೆ ನಂಬಿಕೆ ಬರುತ್ತೆ. ಆದರೆ ಈ ದಾರಿ ನೋಡು. ರೈಲು, ಲಾಂಚು, ಟ್ರಾಮು. ನನ್ನ ಶುಭೋ ಇಲ್ಲಿ ಮನೆ ಮಾಡಿದ ಅಂದ್ರೆ ಮುಗೀತು. ದುರ್ಗೆ ತೌರಿಗೆ ಬಂದ ಹಾಗೆ ವರ್ಷಕ್ಕೊಂದು ಸಲ ಬಂದು ಹೋಗ್ತಾರೆ. ಜಂಬ ಕೊಚ್ಚಿಕೊಳ್ತೀನಿ ನಿಜ, ಆದರೆ ಭಯ ನನಗೆ. ಇಷ್ಟು ದೂರ ಯಾರು ಬಂದು ಹೋಗ್ತಾರೆ, ಹೇಳು?"

ಹೇಳು ಎಂದರು. ನಿಕುಂಜಬಾಬುವಿನ ಪಕ್ಕದಲ್ಲಿ ಕುಳಿತು, ದಾರಿಯ ಬಗ್ಗೆ, ಹೇಳು ಎಂದರು. ಎದುರಿಗೆ ಬಹುಮಾನವಿತ್ತು, ಭೊಂಬಲ್‌ನ ಕಣ್ಣೀರಿತ್ತು, ಕತ್ತೆ ಎಂಬ ಬಿರುದಿತ್ತು. ಆದರೂ ಅವರ ಗಂಟಲು ತಡೆಯಲಿಲ್ಲ. ವಿಚಿತ್ರವೆಂದರೆ, ಬಾಯಿಗೆ ಬಂದದ್ದು ಲಾಂಚೂ ಅಲ್ಲ, ಮಿನಿಬಸ್ಸೂ ಅಲ್ಲ.

"ನಾನು ಬರ್ತೀನಿ ದೀದಿ," ಎಂದಿತು ಗುಮಾಸ್ತನ ಮೂರ್ತಿ. "ತಿಂಗಳು ತಿಂಗಳೂ ಇಬ್ಬರನ್ನೂ ಕರ್ಕೊಂಡು ಬರ್ತೀನಿ. ರೈಲಿಲ್ಲದಿದ್ರೆ ಬಸ್ಸು, ಬಸ್ಸಿಲ್ಲದಿದ್ರೆ ನಡ್ಕೊಂಡು."

ನೀಹಾರಕಣಾ ದೇವಿ ಕಿರಿಚಿದ್ದು ಮೆಟ್ರೋದ ಪ್ಲಾಟ್‌ಫಾರ್ಮಿನವರೆಗೆ ಕೇಳಿಸಿತೆಂದು ಆಮೇಲೆ ಹೇಳಿದವರಿದ್ದಾರೆ. ಮಡಕೆ ಕೈಯಿಂದ ಹಾರಿ ಬಾಗ್ಚಿಯವರ ಎದೆಗೆ ಅಪ್ಪಳಿಸಿತು. ಸಂದೇಶ ಒಡೆದು ಗಡ್ಡದ ತುಂಬ ಗುಲಾಬಿನೀರು.

"ಸುಗಂಧವೂ!" ಎಂದು ಬಾಗ್ಚಿ ಕೂಗಿದರು. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ.

ಆದರೆ ಗುಮಾಸ್ತನ ಮೂರ್ತಿ ಎದ್ದು ನಿಂತು ಕೈಮುಗಿದಾಗ ಅರ್ಥವಾಯಿತು. "ಸಜೀವ ಪಾತ್ರ! ನಿಯಮಕ್ಕೆ ವಿರುದ್ಧ!" ಎಂದು ಅವರು ಜೋಳಿಗೆ ಕೊಡವಿಕೊಂಡು ಹೊರಟೇಹೋದರು. ಭೊಂಬಲ್ ಅಷ್ಟಮಿಯವರೆಗೆ ಕಾಯದೆ ಅಲ್ಲೇ ಗಣೇಶನ ಕಾಲು ಹಿಡಿದು ಅಳತೊಡಗಿದರು.

"ಯಾರ್ರೀ ನೀವು?" ಎಂದರು ನೀಹಾರಕಣಾ ದೇವಿ, ಎದೆ ಹಿಡಿದುಕೊಂಡು.

"ನಿಕುಂಜ ಸಮಾದ್ದಾರ್. ಹೇಳಿದ ಹಾಗೆ ಬೆಂಚು ಬಿಟ್ಟು ಕದಲಿಲ್ಲ."

"ನಾನು ಹೇಳಿದ್ದೆಲ್ಲ ಕೇಳಿಸಿಕೊಂಡ್ರಾ?"

"ಕತ್ತೆಯಿಂದ ಹಿಡಿದು ಕೊನೇವರೆಗೂ."

ಬ್ಯಾಂಕಿನಿಂದ ಬಂದ ತುಲಿಯೂ ಶುಭೋನೂ ಮೆಟ್ರೋದ ಮೆಟ್ಟಿಲು ಹತ್ತಿ, ಗಲಾಟೆ ಕೇಳಿ ಪೆಂಡಾಲಿಗೆ ಓಡಿ ಬಂದದ್ದು ಆಗಲೇ. ಬಣ್ಣ ಮೆತ್ತಿದ ಅಪ್ಪ, ಬೆವರು ಮೆತ್ತಿದ ಅತ್ತೆ, ನೆಲದ ತುಂಬ ಸಂದೇಶ. ತುಲಿಯ ಮುಖ ಬಿಳಿಚಿಕೊಂಡಿತು. "ಬಾಬಾ, ಏನು ಮಾಡ್ದೆ? ಒಂದೇ ಒಂದು ದಿನ ಸುಮ್ಮನಿರು ಅಂದಿದ್ದೆ."

"ಸುಮ್ಮನೇ ಇದ್ದೆ ಮಗಳೇ," ಎಂದರು ನಿಕುಂಜಬಾಬು. "ಬಹಳ ಹೊತ್ತು ಇದ್ದೆ."

ನೀಹಾರಕಣಾ ದೇವಿಗೆ ಕೋಪಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ನಾಚಿಕೆಯಾದಾಗ ಕೋಪ ಮಾಡಿಕೊಳ್ಳುವುದು ಅವರ ಸ್ವಭಾವ. "ನಡೀರಿ," ಎಂದರು ಗಂಡನಿಗೆ. "ಈ ಊರಿನ ಸಹವಾಸ ಸಾಕು. ಶುಭೋ, ಟ್ರಾಮ್ ನೋಡು."

ಆದರೆ ಅಷ್ಟರಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹಾರಿತ್ತು. ಬಕುಲ್‌ತಲಾದಲ್ಲಿ ಮಣ್ಣಿನ ಮೂರ್ತಿ ಮಾತಾಡಿತಂತೆ! ಮೂರ್ತಿ ಒಬ್ಬ ತಾಯಿಗೆ ವರ ಕೊಟ್ಟಿತಂತೆ! ಬೇಲಿಗಳು ಮುರಿದವು. ನಾಲ್ಕು ದಿಕ್ಕಿನಿಂದಲೂ ಜನ ನುಗ್ಗಿದರು. ಹಳಿಯ ಮೇಲೆ ಟ್ರಾಮುಗಳು ಒಂದರ ಹಿಂದೊಂದು ನಿಂತು ಗಂಟೆ ಬಾರಿಸತೊಡಗಿದವು. ಆಟೋದವರು ಗಾಡಿ ಬಿಟ್ಟು ಮೂರ್ತಿ ನೋಡಲು ಓಡಿ ಬಂದರು. ಮೆಟ್ರೋದ ಬಾಗಿಲು ಎಳೆದುಬಿಟ್ಟರು. ಟೋಪಿ ಕಳೆದುಕೊಂಡ ಟ್ರಾಫಿಕ್ ಸಾರ್ಜೆಂಟ್ ಒಬ್ಬ ಜನರ ನಡುವಿನಿಂದ ತೇಲಿ ಬಂದ.

"ಸಾರ್ಜೆಂಟ್ ಸಾಹೇಬ್ರೇ, ಹೌರಾಗೆ ಹೋಗಬೇಕು," ಎಂದರು ನೀಹಾರಕಣಾ ದೇವಿ.

"ಟ್ರಾಮಿಲ್ಲ, ಬಸ್ಸಿಲ್ಲ, ಆಟೋ ಇಲ್ಲ, ಮೆಟ್ರೋ ಇಲ್ಲ ದೀದಿ. ಯಾವುದೋ ವಿಗ್ರಹ ಬಾಯಿ ಬಿಟ್ಟಿದೆ. ಅದು ಸಿಕ್ಕಿದ್ರೆ ಮೊದಲು ಅದನ್ನ ಒಳಗೆ ಹಾಕ್ತೀನಿ!"

ವಿಗ್ರಹ ಶುಭೋನ ಬೆನ್ನ ಹಿಂದೆ ಸರಿಯಿತು.

ಆಗ ಕಾಳೀಕಿಂಕರಬಾಬು ಗಂಟಲು ಸರಿಪಡಿಸಿಕೊಂಡರು. ಎಲ್ಲರೂ ಅವರತ್ತ ತಿರುಗಿದರು.

"ನನಗೆ ಹಸಿವಾಗಿದೆ," ಎಂದರು ಅವರು.

ಮಣಿಮಾಲಾ ಮನೆಯಲ್ಲಿ ಮಧ್ಯಾಹ್ನದಿಂದ ಪೂರಿಯಂಥ ಲುಚಿ ಕರಿಯಲು ಹಿಟ್ಟು ನಾದಿಟ್ಟು, ಬಾಗಿಲು ನೋಡುತ್ತ ಕುಳಿತಿದ್ದರು. ಬೀಗರು ಬಂದರು. ಬಂದ ಬೀಗಿತ್ತಿಯ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು, ಹಿಂದೆ ಬಂದ ಗಂಡನ ಮುಖ ನೋಡಿ ಇನ್ನುಳಿದದ್ದೂ ಅರ್ಥವಾಯಿತು. ಏನೂ ಕೇಳದೆ ಬಿಸಿನೀರು ಕಾಯಿಸಿ ತಂದು, ಬೀಗಿತ್ತಿಯ ಮಂಡಿಯ ಮೇಲೆ ಬಟ್ಟೆ ಅದ್ದಿ ಇಟ್ಟರು. "ಬಿಡಿ, ಬಿಡಿ," ಎಂದು ನೀಹಾರಕಣಾ ದೇವಿ ಎರಡು ಸಲ ಅಂದರು, ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕಾಲು ಚಾಚಿದರು. ತುಲಿ ಲುಚಿ ಬಡಿಸಿದಳು. ಕಡಲೆಬೇಳೆ ಸಾರು ತಟ್ಟೆಯ ಅಂಚಿಗೆ ಚೆಲ್ಲಿತು.

ನೀಹಾರಕಣಾ ದೇವಿ ನಾಲ್ಕು ಲುಚಿ ತಿಂದರು. ಐದನೆಯದಕ್ಕೆ ಕೈ ಹಾಕಿ ನಿಲ್ಲಿಸಿದರು.

"ಸಮಾದ್ದಾರ್ ಬಾಬು."

ನಿಕುಂಜಬಾಬು ಮೂಲೆಯಲ್ಲಿ ಎದ್ದು ನಿಂತರು.

"ಅಲ್ಲಿ ಬೆಂಚಿನ ಮೇಲೆ ಬರ್ತೀನಿ ಅಂದ್ರಲ್ಲ. ಮೂರ್ತಿಯಾಗಿ ಹೇಳಿದ್ದೋ, ಮನುಷ್ಯರಾಗಿ ಹೇಳಿದ್ದೋ?"

ತುಲಿ ಸೌಟನ್ನು ಎದೆಗವಚಿಕೊಂಡಳು.

"ಮೂರ್ತಿಯಾಗಿದ್ದಿದ್ರೆ ಸುಮ್ಮನಿರ್ತಿದ್ದೆ ದೀದಿ," ಎಂದರು ನಿಕುಂಜಬಾಬು. "ಭೊಂಬಲ್‌ಗೆ ಬಹುಮಾನ ಬರ್ತಿತ್ತು."

ನೀಹಾರಕಣಾ ದೇವಿಯ ಗಲ್ಲ ಅದುರಿತು. ಮೊದಲು ಅಳುವೆಂದೇ ಎಲ್ಲರೂ ತಿಳಿದರು. ಅಲ್ಲ, ನಗು. ಲುಚಿ ಹಿಡಿದ ಕೈ ಕುಲುಕುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕದ್ದನ್ನು ಕಂಡು ಕಾಳೀಕಿಂಕರಬಾಬು ಗಾಬರಿಯಾಗಿ ನೀರಿನ ಲೋಟ ಮುಂದೆ ಮಾಡಿದರು.

"ಅಗ್ರಹಾಯಣ ಮಾಸದಲ್ಲಿ ಮದುವೆ," ಎಂದರು ನೀಹಾರಕಣಾ ದೇವಿ, ಸೆರಗಿನಿಂದ ಕಣ್ಣೊರೆಸಿಕೊಂಡು. "ಇಲ್ಲಿ ಬಾ ತುಲಿ, ಸೌಟು ಕೆಳಗಿಡು. ಆದರೆ ನನ್ನದೊಂದು ಷರತ್ತು. ಲಗ್ನಪತ್ರಿಕೆ ಹಿಂದುಗಡೆ ಛತ್ರಕ್ಕೆ ಬರೋ ದಾರಿ ಅಂತ ಅಚ್ಚು ಹಾಕಿಸ್ತಾರಲ್ಲ, ಅದನ್ನ ನಮ್ಮ ಕಡೆಯವರು ಬರೀತಾರೆ. ನಿಮ್ಮಪ್ಪ ಅದರ ಹತ್ತಿರಕ್ಕೂ ಸುಳೀಬಾರದು."

ತುಲಿ ಅತ್ತೆಯ ಪಾದ ಮುಟ್ಟಲು ಬಗ್ಗಿದವಳು ಅಲ್ಲೇ ಅಳುತ್ತ ನಗುತ್ತ ಕುಳಿತುಬಿಟ್ಟಳು. ಮಣಿಮಾಲಾ ಶುಭಕ್ಕೆಂದು ಊದುವ ಶಂಖ ತರಲು ಒಳಗೆ ಓಡಿದರು. ನಿಕುಂಜಬಾಬು ಸುಮ್ಮನೆ ನಿಂತಿದ್ದರು. ಸುಮ್ಮನೆ ನಿಲ್ಲಲು ಎಷ್ಟು ಪ್ರಯತ್ನಿಸಿದರೆಂಬುದು ಆ ದೇವಿಗೇ ಗೊತ್ತು.

"ದೀದಿ," ಎಂದರು ಕೊನೆಗೆ, "ಒಂದೇ ಒಂದು ಸಾಲು. ಘಾಟಿನ ಕಡೆಯಿಂದ ಬರೋರಿಗೆ..."

"ಬೇಡ!" ಎಂದರು ಎಲ್ಲರೂ ಒಟ್ಟಿಗೆ. ಅದರಲ್ಲಿ ಕಾಳೀಕಿಂಕರಬಾಬುವಿನ ದನಿಯೂ ಇತ್ತು.